ರುಮಟಾಯ್ಡ್ ಆರ್ಥ್ರೈಟಿಸ್: ಹೆದರಬೇಕಾದ್ದು ಕಾಯಿಲೆಗೋ, ಔಷಧಕ್ಕೋ?

ಪ್ರಶ್ನೆ: ನನಗೆ 41 ವರ್ಷ. ಆರೇಳು ತಿಂಗಳಿಂದ ಎರಡೂ ಕೈಗಳ ಗೆಣ್ಣು, ಮಣಿಕಟ್ಟು ಊದಿಕೊಂಡಿವೆ. ಬೆಳಗ್ಗೆ ಎದ್ದ ಮೇಲೆ ಒಂದೂವರೆ ಗಂಟೆ ಬೆರಳು ಮಡಚೋಕೇ ಆಗಲ್ಲ. ಗುಂಡಿ ಹಾಕಿಕೊಳ್ಳುವುದೂ ಕಷ್ಟ. ರಕ್ತ ಪರೀಕ್ಷೆಯಲ್ಲಿ ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ಎರಡೂ ಪಾಸಿಟಿವ್ ಬಂದಿವೆ. ಡಾಕ್ಟರು ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು, ಜೊತೆಗೆ ಸ್ವಲ್ಪ ದಿನಕ್ಕೆ ಸ್ಟೀರಾಯ್ಡ್. ಮೆಥೊಟ್ರೆಕ್ಸೇಟ್ ಕ್ಯಾನ್ಸರ್‌ಗೆ ಕೊಡುವ ಔಷಧ ಅಂತ ಗೊತ್ತಾಗಿ ಹೆದರಿಕೆಯಾಯಿತು, ಶುರು ಮಾಡಲೇ ಇಲ್ಲ. ಸ್ಟೀರಾಯ್ಡ್ ಮಾತ್ರ ತಗೊಂಡೆ. ಕೆಲವೇ ದಿನಕ್ಕೆ ಊತ ಇಳಿದು ಹಾಯಾಗಿದೆ. ಇದನ್ನೇ ಮುಂದುವರಿಸಬಹುದಾ? ಬಯಾಲಜಿಕ್ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತೆ ಅಂತಾರೆ, ನೇರವಾಗಿ ಅದನ್ನೇ ಹಾಕಿಸಿಕೊಳ್ಳಬಹುದಾ? ಜೀವನಪೂರ್ತಿ ಔಷಧ ತಗೋಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸ್ಟೀರಾಯ್ಡ್ ಒಂದನ್ನೇ ಮುಂದುವರಿಸಬೇಡಿ. ಹಾಗಂತ ಇವತ್ತೇ ಥಟ್ಟನೆ ನಿಲ್ಲಿಸಲೂ ಬೇಡಿ. ಬರೆದುಕೊಟ್ಟವರ ಹತ್ತಿರ ಈ ವಾರವೇ ಹೋಗಿ, ಮೆಥೊಟ್ರೆಕ್ಸೇಟ್ ಶುರು ಮಾಡಿಲ್ಲ ಅಂತ ಮುಚ್ಚುಮರೆಯಿಲ್ಲದೆ ಹೇಳಿ. ಬೈಯುತ್ತಾರೇನೋ ಅನ್ನುವ ಸಂಕೋಚ ಬೇಡ. ಈ ಮಾತ್ರೆ ಕಂಡು ಹೆದರುವವರು ಬಹಳ ಜನ. ಆ ಹೆದರಿಕೆಗೆ ಕಾರಣವೂ ಇದೆ. ಅದನ್ನು ಬಿಡಿಸಿ ಹೇಳಬೇಕಾದ್ದು ವೈದ್ಯರ ಕೆಲಸ. ನಾನೂ ಇಲ್ಲಿ ಅದನ್ನೇ ಮಾಡಲು ನೋಡುತ್ತೇನೆ.

ನಿಮ್ಮ ಕೀಲುಗಳ ಒಳಗೆ ಏನು ನಡೆಯುತ್ತಿದೆ ಅಂತ ತಿಳಿದರೆ ಉಳಿದದ್ದು ಸುಲಭ. ಇಂಥ ಪ್ರತಿ ಕೀಲಿನ ಒಳಗೂ ತೆಳುವಾದ ಒಂದು ಪೊರೆ ಇರುತ್ತದೆ. ಆರೋಗ್ಯವಾಗಿದ್ದಾಗ ಅದು ಕೆಲವೇ ಜೀವಕೋಶಗಳಷ್ಟು ದಪ್ಪ. ಕೀಲು ಸರಾಗವಾಗಿ ಆಡಲು ಬೇಕಾದ ಜಾರುವ ದ್ರವ ಅಲ್ಲಿಂದಲೇ ಬರುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ನಮ್ಮನ್ನು ರೋಗಾಣುಗಳಿಂದ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಈ ಪೊರೆಯ ಮೇಲೆ ತಿರುಗಿ ಬೀಳುತ್ತದೆ. ಪೊರೆ ಊದುತ್ತದೆ, ದಪ್ಪವಾಗುತ್ತದೆ, ಪಕ್ಕದ ಮೃದ್ವಸ್ಥಿಯ ಮೇಲೆ ಹಬ್ಬುತ್ತದೆ, ಮೂಳೆಯ ಅಂಚನ್ನು ಕೊರೆಯುತ್ತದೆ. ಗೆದ್ದಲು ಹಿಡಿದ ತೊಲೆಯ ಹಾಗೆ ಇದು. ಹೊರಗಿನಿಂದ ಬಣ್ಣ ನೆಟ್ಟಗೇ ಇರುತ್ತದೆ, ಒಳಗೆ ಮರ ಹೋಗುತ್ತಿರುತ್ತದೆ. ಎಕ್ಸ್-ರೇಯಲ್ಲಿ ಮೂಳೆಯ ಅಂಚಿನಲ್ಲಿ ಸಣ್ಣ ಕಚ್ಚು ಕಾಣಿಸಿತು ಅಂದರೆ ಆ ಜಾಗ ಸಾಮಾನ್ಯವಾಗಿ ಮತ್ತೆ ಮೊದಲಿನಂತೆ ತುಂಬಿಕೊಳ್ಳುವುದಿಲ್ಲ.

ನಿಮ್ಮ ಬಲಗೈ ಬೆರಳುಗಳ ಬುಡದ ಗೆಣ್ಣುಗಳನ್ನು ಎಡಗೈಯಿಂದ ಅಡ್ಡಲಾಗಿ ಮೆಲ್ಲಗೆ ಅಮುಕಿ ನೋಡಿ, ಯಾರದ್ದೋ ಕೈಕುಲುಕುವಾಗ ಹಿಡಿಯುವಂತೆ. ಸುಮ್ನೆ ಹಿಡಿದರೂ ಚುರ್ ಅಂದರೆ ಒಳಗೆ ಪೊರೆ ಊದಿರುವ ಸಾಧ್ಯತೆ ಜಾಸ್ತಿ. ಮುಷ್ಟಿ ಕಟ್ಟಿದಾಗ ಗೆಣ್ಣುಗಳ ನಡುವೆ ಕಾಣಬೇಕಾದ ತಗ್ಗು ಮುಚ್ಚಿಹೋಗಿದ್ದರೆ ಅದೂ ಊತವೇ. ಈ ಕಾಯಿಲೆಯ ಊತ ಮುಟ್ಟಿದರೆ ಮೆತ್ತಗಿರುತ್ತದೆ. ವಯಸ್ಸಿಗೆ ಬರುವ ಸವೆತದ ಗಂಟಿನಂತೆ ಗಟ್ಟಿ ಇರುವುದಿಲ್ಲ. ಸವೆತದ ಗಂಟು ಬೆರಳ ತುದಿಯ ಕೀಲಿಗೆ ಬರುವುದು ಹೆಚ್ಚು. ರುಮಟಾಯ್ಡ್ ಸಾಮಾನ್ಯವಾಗಿ ಆ ತುದಿಯ ಕೀಲನ್ನು ಬಿಟ್ಟು ಬೆರಳಿನ ಬುಡ, ನಡುಗೆಣ್ಣು, ಮಣಿಕಟ್ಟು, ಕಾಲ್ಬೆರಳ ಬುಡ ಇವುಗಳನ್ನು ಹಿಡಿಯುತ್ತದೆ, ಅದೂ ಎರಡೂ ಕಡೆ. ನೀವು ಹೇಳಿದ ಒಂದೂವರೆ ಗಂಟೆಯ ಬೆಳಗಿನ ಬಿಗಿತವೂ ಇದಕ್ಕೇ ಹೊಂದುತ್ತದೆ.

ಆಂಟಿ-ಸಿಸಿಪಿ ಬಗ್ಗೆ ಒಂದು ಮಾತು. ಇದೂ ಆರ್‌ಎ ಫ್ಯಾಕ್ಟರ್ ಕೂಡ ನಮ್ಮದೇ ಮೈಯ ವಿರುದ್ಧ ತಯಾರಾಗುವ ಪ್ರತಿಕಾಯಗಳು. ಆರ್‌ಎ ಫ್ಯಾಕ್ಟರ್ ಬೇರೆ ಕಾಯಿಲೆಗಳಲ್ಲೂ, ಕೆಲವೊಮ್ಮೆ ಏನೂ ಇಲ್ಲದ ವಯಸ್ಸಾದವರಲ್ಲೂ ಪಾಸಿಟಿವ್ ಬರುತ್ತದೆ. ಆಂಟಿ-ಸಿಸಿಪಿ ಹಾಗಲ್ಲ. ಲಕ್ಷಣಗಳ ಜೊತೆ ಅದೂ ಪಾಸಿಟಿವ್ ಬಂದರೆ ಕಾಯಿಲೆ ಇದೇ ಅನ್ನುವುದು ಹೆಚ್ಚುಕಮ್ಮಿ ಖಚಿತ. ಇನ್ನೂ ಮುಖ್ಯವಾದದ್ದು ಇನ್ನೊಂದಿದೆ. ಅದು ಪಾಸಿಟಿವ್ ಇರುವವರಲ್ಲಿ ಮೂಳೆ ಕೊರೆಯುವ ಅಪಾಯ ಜಾಸ್ತಿ. ಅಂದರೆ ನಿಮ್ಮ ವಿಷಯದಲ್ಲಿ ಕಾದು ನೋಡುವುದಕ್ಕೆ ಜಾಗ ಕಮ್ಮಿ. ಲಕ್ಷಣ ಶುರುವಾದ ಮೂರು ತಿಂಗಳೊಳಗೆ ಕಾಯಿಲೆಯನ್ನೇ ತಡೆಯುವ ಔಷಧ ಶುರುವಾಗಬೇಕು ಅನ್ನುವುದು ಈಗ ಎಲ್ಲ ಕಡೆ ಒಪ್ಪಿರುವ ಗುರಿ. ನಿಮಗೆ ಆರೇಳು ತಿಂಗಳಾಗಿದೆ. ತಡವಾಗಿ ಹೋಯಿತು ಅಂತ ಕೈಚೆಲ್ಲಬೇಕಾದ ಹಂತ ಇದಲ್ಲ, ಆದರೆ ಇನ್ನೂ ತಿಂಗಳುಗಟ್ಟಲೆ ಮುಂದೂಡಿದರೆ ನಷ್ಟ ನಿಮಗೇ.

ಹಾಗಾದರೆ ಸ್ಟೀರಾಯ್ಡ್‌ನಿಂದ ಇಷ್ಟು ಚೆನ್ನಾಗಿ ಆರಾಮ ಆಯಿತಲ್ಲ, ಅದಕ್ಕೇನು ಹೇಳುತ್ತೀರಿ ಅಂತ ಕೇಳಬಹುದು. ಆ ಆರಾಮ ನಿಜವಾದದ್ದೇ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರು ಈ ಕಾಯಿಲೆಯ ರೋಗಿಯೊಬ್ಬರಿಗೆ ಮೊದಲ ಸಲ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟರು. ಹಾಸಿಗೆ ಬಿಟ್ಟು ಏಳಲು ಒದ್ದಾಡುತ್ತಿದ್ದವರು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. ಎರಡೇ ವರ್ಷಕ್ಕೆ, 1950ರಲ್ಲಿ, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಜೊತೆ ಅವರಿಗೆ ನೊಬೆಲ್ ಬಂತು. ಕಾಯಿಲೆ ಗೆದ್ದಾಯಿತು ಅಂತಲೇ ಆಗ ಬಹಳ ಜನ ಅಂದುಕೊಂಡರು. ಆದರೆ ವರ್ಷಗಟ್ಟಲೆ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರ ಮೂಳೆ ಟೊಳ್ಳಾಯಿತು, ಮುಖ ಊದಿತು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಣ್ಣಿನ ಪೊರೆ, ಪದೇಪದೇ ಸೋಂಕು ಎಲ್ಲವೂ ಬಂದವು. ಔಷಧ ನಿಲ್ಲಿಸಿದ ಕೂಡಲೇ ಕೀಲುಗಳೂ ಮತ್ತೆ ಊದಿದವು.

ಅದಕ್ಕೇ ಈಗ ಸ್ಟೀರಾಯ್ಡ್ ಅನ್ನು ಸೇತುವೆಗೆ ಮಾತ್ರ ಬಳಸುತ್ತೇವೆ. ಮೆಥೊಟ್ರೆಕ್ಸೇಟ್‌ನಂಥ ಔಷಧ ಕೆಲಸ ಶುರು ಮಾಡಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ನೀವು ನೋವು ತಿನ್ನುತ್ತಾ ಕೂರಬಾರದು ಅಂತ ಕಡಿಮೆ ಪ್ರಮಾಣದ ಸ್ಟೀರಾಯ್ಡ್ ಕೊಟ್ಟು, ಸಾಧ್ಯವಾದಷ್ಟು ಬೇಗ, ಹೆಚ್ಚಂದರೆ ಮೂರು ತಿಂಗಳಲ್ಲಿ ಇಳಿಸಿ ನಿಲ್ಲಿಸುವುದು ಲೆಕ್ಕ. ನಿಮ್ಮ ಡಾಕ್ಟರು ಬರೆದುಕೊಟ್ಟದ್ದೂ ಹೀಗೇ ಕಾಣುತ್ತದೆ. ನೀವು ಸೇತುವೆ ಹತ್ತಿದ್ದೀರಿ, ಆಚೆ ದಡದಲ್ಲಿ ಇರಬೇಕಾದ ಔಷಧವನ್ನು ಮಾತ್ರ ಶುರು ಮಾಡಿಲ್ಲ. ನಿಲ್ಲಿಸುವಾಗಲೂ ಹಂತ ಹಂತವಾಗಿಯೇ ಇಳಿಸಬೇಕು. ಕೆಲವು ವಾರ ತೆಗೆದುಕೊಂಡ ಮೇಲೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಮ್ಮಿ ಮಾಡಿರುತ್ತದೆ. ಒಮ್ಮೆಗೇ ಬಿಟ್ಟರೆ ತಲೆಸುತ್ತು, ವಾಂತಿ, ಸುಸ್ತು ಬರಬಹುದು, ಕೆಲವರಿಗೆ ಪ್ರಾಣಕ್ಕೇ ಕುತ್ತು. ಐಬುಪ್ರೊಫೆನ್, ಡಿಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ತರಹದ ನೋವಿನ ಮಾತ್ರೆಗಳ ವಿಷಯ ಇನ್ನೂ ಸರಳ. ನೋವು, ಬಿಗಿತ ಕಮ್ಮಿ ಮಾಡುತ್ತವೆ, ಮೂಳೆ ಕೊರೆಯುವುದನ್ನು ತಡೆಯುವುದಿಲ್ಲ. ದಿನಾ ನುಂಗುತ್ತಾ ಹೋದರೆ ಹೊಟ್ಟೆ, ಕಿಡ್ನಿ, ಹೃದಯ ಮೂರಕ್ಕೂ ತೊಂದರೆ.

ಈಗ ನಿಮ್ಮನ್ನು ಹೆದರಿಸಿದ ಮೆಥೊಟ್ರೆಕ್ಸೇಟ್‌ಗೆ ಬರೋಣ.

ಅದು ಕ್ಯಾನ್ಸರ್‌ಗೆ ಬಳಸುವ ಔಷಧ ಹೌದು. ಸುಳ್ಳಲ್ಲ. ಆದರೆ ಕೆಲವು ಕ್ಯಾನ್ಸರ್‌ಗಳಲ್ಲಿ ಅದನ್ನು ಒಂದೇ ಸಲಕ್ಕೆ ಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ನಿಮಗೆ ಬರೆಯುವುದು ವಾರಕ್ಕೆ 10ರಿಂದ 25 ಮಿಲಿಗ್ರಾಂ. ಕೀಲಿನ ಕಾಯಿಲೆಗೆ ಕೊಡುವಾಗ ಅದು ಜೀವಕೋಶ ಕೊಲ್ಲುವ ಕೆಲಸಕ್ಕೆ ಹೋಗುವುದಿಲ್ಲ. ಅಡೆನೊಸಿನ್ ಅನ್ನುವ, ಉರಿಯೂತ ತಣಿಸುವ ವಸ್ತುವನ್ನು ದೇಹದಲ್ಲಿ ಹೆಚ್ಚಿಸುವುದು ಅದರ ಮುಖ್ಯ ಕೆಲಸ ಅಂತ ಈಗಿನ ತಿಳಿವಳಿಕೆ. ಅಮೆರಿಕದಲ್ಲಿ ಈ ಕಾಯಿಲೆಗೆ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಅಂದಿನಿಂದ ಲಕ್ಷಾಂತರ ಜನ ತೆಗೆದುಕೊಂಡಿದ್ದಾರೆ, ಎಷ್ಟೋ ಜನ ದಶಕಗಟ್ಟಲೆ. ಹೊಸ ಔಷಧಗಳು ಇಷ್ಟೊಂದು ಬಂದರೂ ಚಿಕಿತ್ಸೆಯ ಮೊದಲ ಹೆಜ್ಜೆಯಾಗಿ ಅದೇ ಉಳಿದಿದೆ. ಸುಮ್ನೆ ಹಳೇ ರೂಢಿಗೆ ಉಳಿದದ್ದಲ್ಲ ಅದು. ಕೀಲು ಉಳಿಸುತ್ತದೆ, ಬೇರೆ ಔಷಧಗಳ ಜೊತೆ ಸೇರಿದರೆ ಅವುಗಳ ಬಲವನ್ನೂ ಹೆಚ್ಚಿಸುತ್ತದೆ.

ಈ ಮಾತ್ರೆಯಲ್ಲಿ ನಿಜವಾಗಿ ಭಯಪಡಬೇಕಾದ ವಿಷಯ ಒಂದಿದೆ, ಅದನ್ನು ದಯವಿಟ್ಟು ಮನೆಯವರಿಗೂ ಓದಿ ಹೇಳಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ತೆಗೆದುಕೊಳ್ಳುವ ಮಾತ್ರೆ ಅಲ್ಲವೇ ಅಲ್ಲ. ತಪ್ಪಿ ದಿನಾ ನುಂಗಿ ಮೂಳೆಮಜ್ಜೆ ಕುಸಿದು ಪ್ರಾಣ ಹೋದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಅದಕ್ಕೇ ಚೀಟಿಯಲ್ಲಿ ವಾರದ ಹೆಸರು ಅಕ್ಷರದಲ್ಲಿ ಬರೆಸಿಕೊಳ್ಳಿ. 'ಪ್ರತಿ ಭಾನುವಾರ ರಾತ್ರಿ ಮಾತ್ರ, 2.5 ಮಿಲಿಗ್ರಾಂನ 6 ಮಾತ್ರೆ, ಒಟ್ಟು 15 ಮಿಲಿಗ್ರಾಂ' ಅನ್ನುವ ಹಾಗೆ. 2.5 ಮತ್ತು 10 ಮಿಲಿಗ್ರಾಂನ ಮಾತ್ರೆಗಳು ನೋಡಲು ಒಂದೇ ತರಹ ಇರಬಹುದು. ಪ್ರತಿ ಸಲ ಮಾತ್ರೆಯ ಸ್ಟ್ರಿಪ್ ಕೊಂಡಾಗ ಅಂಕಿ ಓದಿ ನೋಡಿ. ದಿನದ ಮಾತ್ರೆಗಳ ಡಬ್ಬಿಯಲ್ಲಿ ಇದನ್ನು ಬೆರೆಸಬೇಡಿ. ಒಂದು ವಾರ ಮರೆತರೆ ಮುಂದಿನ ವಾರ ಎರಡರಷ್ಟು ತೆಗೆದುಕೊಳ್ಳುವುದೂ ಬೇಡ.

ಜೊತೆಗೆ ಫೋಲಿಕ್ ಆಸಿಡ್ ಇದ್ದೇ ಇರಬೇಕು. ಬಾಯಿಹುಣ್ಣು, ವಾಕರಿಕೆ, ಲಿವರ್ ಎನ್‌ಜೈಮ್ ಏರುವುದು ಇವೆಲ್ಲ ಅದರಿಂದ ಕಮ್ಮಿಯಾಗುತ್ತವೆ. ಸಾಮಾನ್ಯವಾಗಿ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ದಿನ ಬಿಟ್ಟು ಬೇರೆ ದಿನ ಕೊಡುತ್ತಾರೆ. ವಾಕರಿಕೆ ಬಂದರೆ ರಾತ್ರಿ ಮಲಗುವ ಮುಂಚೆ ತೆಗೆದುಕೊಂಡು ನೋಡಬಹುದು. ಅದಕ್ಕೂ ಬಗ್ಗದಿದ್ದರೆ ಚರ್ಮದ ಕೆಳಗೆ ಹಾಕಿಕೊಳ್ಳುವ ಇಂಜೆಕ್ಷನ್ ರೂಪದಲ್ಲೂ ಸಿಗುತ್ತದೆ. ಪ್ರಮಾಣ ಜಾಸ್ತಿ ಬೇಕಾದವರಿಗೆ ಮಾತ್ರೆಗಿಂತ ಇಂಜೆಕ್ಷನ್ನೇ ಚೆನ್ನಾಗಿ ಮೈಗೆ ಹತ್ತುತ್ತದೆ. ವಾಕರಿಕೆ ಆಯಿತು ಅಂತ ಔಷಧವನ್ನೇ ಬಿಟ್ಟುಬಿಡುವವರಿಗೆ ಈ ದಾರಿ ಇರುವುದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಶುರು ಮಾಡುವ ಮುಂಚೆ ರಕ್ತಕಣ, ಲಿವರ್, ಕಿಡ್ನಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಎದೆಯ ಎಕ್ಸ್-ರೇ ಮಾಡಿಸುತ್ತಾರೆ. ಆಮೇಲೆ ಮೊದಮೊದಲು ಕೆಲವು ವಾರಕ್ಕೊಮ್ಮೆ, ಪ್ರಮಾಣ ಒಂದು ಹದಕ್ಕೆ ನಿಂತ ಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಚೆನ್ನಾಗಿದ್ದೀನಲ್ಲ ಅಂತ ಇದನ್ನು ತಪ್ಪಿಸಬೇಡಿ. ರಕ್ತಕಣ, ಲಿವರ್ ವ್ಯತ್ಯಾಸ ನಿಮಗೆ ಗೊತ್ತಾಗುವ ಮುಂಚೆ ವರದಿಯಲ್ಲಿ ಕಾಣಿಸುತ್ತದೆ, ಆಗ ಪ್ರಮಾಣ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮದ್ಯ ಬಿಟ್ಟರೆ ಒಳ್ಳೆಯದು. ಟ್ರೈಮೆಥೊಪ್ರಿಮ್ ಇರುವ ಆಂಟಿಬಯಾಟಿಕ್, ಅಂದರೆ ಕೋ-ಟ್ರೈಮೊಕ್ಸಜೋಲ್ ತರಹದ್ದು, ಇದರ ಜೊತೆ ಬೇಡ. ಯಾವ ವೈದ್ಯರ ಹತ್ತಿರ ಯಾವ ಕಾರಣಕ್ಕೆ ಹೋದರೂ 'ನಾನು ಮೆಥೊಟ್ರೆಕ್ಸೇಟ್ ಮೇಲಿದ್ದೇನೆ' ಅಂತ ಮೊದಲೇ ಹೇಳಿ.

ನಿಮಗೆ 41 ವರ್ಷ ಅಂದಿದ್ದೀರಿ, ಆದ್ದರಿಂದ ಇದನ್ನೂ ಹೇಳಬೇಕು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವಾಗ ಗರ್ಭ ನಿಲ್ಲಬಾರದು, ಮಗುವಿಗೆ ಗಂಭೀರ ತೊಂದರೆಯಾಗುತ್ತದೆ. ಗರ್ಭನಿರೋಧಕ ಬಳಸಲೇಬೇಕು. ಮಗು ಬೇಕು ಅಂತ ಯೋಚನೆ ಇದ್ದರೆ ಮೊದಲೇ ಹೇಳಿ, ಕೆಲವು ತಿಂಗಳ ಮುಂಚೆಯೇ ಔಷಧ ಬದಲಾಯಿಸುತ್ತಾರೆ. ಹೈಡ್ರಾಕ್ಸಿಕ್ಲೊರೊಕ್ವಿನ್, ಸಲ್ಫಸಲಜೈನ್, ಸರ್ಟೊಲಿಜುಮ್ಯಾಬ್ ಇಂಥವು ಬಸಿರಿನಲ್ಲೂ ಬಳಸಬಹುದಾದವು. ಈ ಕಾಯಿಲೆ ಇದ್ದ ಮಾತ್ರಕ್ಕೆ ತಾಯಿಯಾಗುವ ಆಸೆ ಬಿಡಬೇಕಾಗಿಲ್ಲ. ಬಹಳ ಜನಕ್ಕೆ ಬಸಿರಿನಲ್ಲಿ ಕೀಲುಗಳು ತಾವಾಗಿಯೇ ತಣ್ಣಗಾಗುತ್ತವೆ, ಹೆರಿಗೆಯಾದ ಮೇಲೆ ಮತ್ತೆ ಕೆರಳುತ್ತವೆ. ಅದಕ್ಕೂ ಮುಂಚೆಯೇ ತಯಾರಿ ಮಾಡಿಕೊಳ್ಳಬಹುದು.

ಮೆಥೊಟ್ರೆಕ್ಸೇಟ್ ಒಗ್ಗದವರಿಗೆ, ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರಿಗೆ ಬೇರೆ ಮಾತ್ರೆಗಳಿವೆ. ಲೆಫ್ಲುನೊಮೈಡ್ ಬಲದಲ್ಲಿ ಅದಕ್ಕೆ ಸರಿಸಮಾನ ಅನ್ನಬಹುದು. ಆದರೆ ಲಿವರ್ ಮೇಲೆ ಇದಕ್ಕೂ ಕಣ್ಣಿಡಬೇಕು, ಭೇದಿ, ರಕ್ತದೊತ್ತಡ ಏರುವುದು, ಕೂದಲು ತೆಳುವಾಗುವುದು ಇದೆ. ದೇಹದಲ್ಲಿ ಬಹಳ ಕಾಲ ಉಳಿಯುತ್ತದೆ, ಗರ್ಭಕ್ಕೆ ಇದೂ ಆಗದು. ಸಲ್ಫಸಲಜೈನ್ ಸ್ವೀಡನ್ನಿನ ನನ್ನಾ ಸ್ವಾರ್ಟ್ಸ್ ಅವರು ಈ ಕಾಯಿಲೆಗೇ ಅಂತ ರೂಪಿಸಿದ ಔಷಧ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಸಲ್ಫಾ ಅಲರ್ಜಿ ಇದ್ದವರಿಗೆ ಕೊಡುವುದಿಲ್ಲ. ಹೈಡ್ರಾಕ್ಸಿಕ್ಲೊರೊಕ್ವಿನ್ ಸೌಮ್ಯ, ಒಂದೇ ಆಗಿ ಕೊಟ್ಟರೆ ಬಲ ಸಾಲದು. ವರ್ಷಗಟ್ಟಲೆ ತೆಗೆದುಕೊಳ್ಳುವವರು ಕಣ್ಣಿನ ಪರೀಕ್ಷೆ ತಪ್ಪಿಸಬಾರದು. ಮೆಥೊಟ್ರೆಕ್ಸೇಟ್, ಸಲ್ಫಸಲಜೈನ್, ಹೈಡ್ರಾಕ್ಸಿಕ್ಲೊರೊಕ್ವಿನ್ ಮೂರನ್ನೂ ಸೇರಿಸಿ ಕೊಡುವ ಪದ್ಧತಿಯೂ ಇದೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಯಾವ ಔಷಧ ಅನ್ನುವುದಕ್ಕಿಂತ ನನಗೆ ಹೆಚ್ಚು ಮುಖ್ಯ ಅನಿಸುವುದು, ಅದು ಕೆಲಸ ಮಾಡುತ್ತಿದೆಯಾ ಅಂತ ಅಳೆಯುವುದು. ಇದು ಎಷ್ಟೋ ಕಡೆ ಸರಿಯಾಗಿ ನಡೆಯುವುದೇ ಇಲ್ಲ. 'ಹೇಗಿದ್ದೀರಿ?' 'ಪರವಾಗಿಲ್ಲ.' 'ಸರಿ, ಅದನ್ನೇ ಮುಂದುವರಿಸಿ.' ಹೀಗೆ ವರ್ಷ ಕಳೆದುಹೋಗುತ್ತದೆ, ಎಕ್ಸ್-ರೇಯಲ್ಲಿ ಕಚ್ಚು ಹೆಚ್ಚಾಗಿರುತ್ತದೆ. ಸರಿಯಾದ ತಪಾಸಣೆ ಅಂದರೆ 28 ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುವುದು. ಭುಜ, ಮೊಣಕೈ, ಮಣಿಕಟ್ಟು, ಮಂಡಿ ಎರಡೆರಡು, ಕೈಬೆರಳುಗಳ ಬುಡದವು ಹತ್ತು, ನಡುವಿನವು ಹತ್ತು. ವೈದ್ಯರು ಹೆಬ್ಬೆರಳಿಂದ ಒತ್ತುವಾಗ ಅವರ ಉಗುರು ಬಿಳಿಚುವಷ್ಟು ಒತ್ತಡ ಇದ್ದರೆ ಸರಿ ಅಂತ ಲೆಕ್ಕ. ಎಷ್ಟು ಕೀಲು ನೋಯುತ್ತವೆ, ಎಷ್ಟು ಊದಿವೆ ಎಣಿಸುತ್ತಾರೆ. ಕಾಯಿಲೆ ಎಷ್ಟು ಜೋರಾಗಿದೆ ಅಂತ ನೀವು ಹತ್ತಕ್ಕೆ ಒಂದು ಅಂಕ ಕೊಡುತ್ತೀರಿ, ವೈದ್ಯರು ಇನ್ನೊಂದು ಕೊಡುತ್ತಾರೆ. ನಾಲ್ಕನ್ನೂ ಕೂಡಿದರೆ ಸಿಡಿಎಐ ಅನ್ನುವ ಅಂಕ. ನೋಯುವ ಕೀಲು 6, ಊದಿದ್ದು 4, ನಿಮ್ಮ ಅಂಕ 5, ವೈದ್ಯರದ್ದು 4 ಅಂದುಕೊಳ್ಳಿ, ಒಟ್ಟು 19. 10ಕ್ಕಿಂತ ಮೇಲೆ ಇದ್ದರೆ ಕಾಯಿಲೆ ಇನ್ನೂ ಹತೋಟಿಗೆ ಬಂದಿಲ್ಲ ಅಂತ. 2.8 ಅಥವಾ ಅದಕ್ಕಿಂತ ಕೆಳಗೆ ಬಂದರೆ ಕಾಯಿಲೆ ಮಲಗಿದೆ ಅಂತ. ಇದಕ್ಕೆ ರಕ್ತ ಪರೀಕ್ಷೆಯೂ ಬೇಕಿಲ್ಲ. ಉರಿಯೂತ ಅಳೆಯುವ ರಕ್ತ ಪರೀಕ್ಷೆಗಳಾದ ಇಎಸ್‌ಆರ್ ಅಥವಾ ಸಿಆರ್‌ಪಿ ಸೇರಿಸಿ ಲೆಕ್ಕ ಹಾಕುವ ಡಿಎಎಸ್28 ಅನ್ನುವ ಇನ್ನೊಂದು ಅಳತೆಯೂ ಬಳಕೆಯಲ್ಲಿದೆ. ಈ ಎರಡರಲ್ಲೂ ಪಾದದ ಕೀಲು ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಕಾಲ್ಬೆರಳ ಬುಡ ನೋಯುತ್ತಿದ್ದರೆ ನೀವಾಗಿಯೇ ಹೇಳಿ, ತೋರಿಸಿ.

ಔಷಧ ಶುರುವಾದ ಮೂರು ತಿಂಗಳಿಗೆ ಅಂಕ ಚೆನ್ನಾಗಿ ಇಳಿದಿರಬೇಕು, ಆರು ತಿಂಗಳಿಗೆ ಗುರಿ ಮುಟ್ಟಿರಬೇಕು. ಇಲ್ಲದಿದ್ದರೆ ಔಷಧ ಹೆಚ್ಚಿಸಬೇಕು, ಸೇರಿಸಬೇಕು ಅಥವಾ ಬದಲಿಸಬೇಕು. ಮುಂದಿನ ಭೇಟಿಯಲ್ಲಿ 'ನನ್ನ ಅಂಕ ಎಷ್ಟು, ಹೋದ ಸಲ ಎಷ್ಟಿತ್ತು?' ಅಂತ ಕೇಳಿ. ಕೇಳಲು ನಿಮಗೆ ಪೂರ್ತಿ ಹಕ್ಕಿದೆ.

ಬಯಾಲಜಿಕ್ ವಿಷಯ ಬರುವುದು ಇಲ್ಲಿ. ಬಯಾಲಜಿಕ್ ಅಂದರೆ ಜೀವಕೋಶಗಳಲ್ಲಿ ತಯಾರಿಸುವ, ಉರಿಯೂತದ ಸರಪಳಿಯ ಒಂದು ಕೊಂಡಿಯನ್ನೇ ಗುರಿಯಿಟ್ಟು ತಡೆಯುವ ಔಷಧ. ಕೀಲಿನ ಪೊರೆಯಲ್ಲಿ ಉರಿಯೂತ ಹರಡುವ ಸಂದೇಶವಾಹಕ ವಸ್ತುಗಳಲ್ಲಿ ಟಿಎನ್ಎಫ್ ಮುಖ್ಯವಾದದ್ದು. ಅದೊಂದನ್ನು ತಡೆದರೆ ಇಡೀ ಸರಪಳಿಯೇ ಸಡಿಲವಾಗಬಹುದು ಅಂತ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ತೋರಿಸಿದರು. 1992ರಲ್ಲಿ ಅಲ್ಲಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಮೊದಲ ರೋಗಿಗಳಿಗೆ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟರು. ಬೇರೆ ಯಾವುದಕ್ಕೂ ಬಗ್ಗದಿದ್ದ ಕಾಯಿಲೆ ಅದಕ್ಕೆ ಬಗ್ಗಿತು. ಈಗ ಈ ಗುಂಪಿನಲ್ಲಿ ಎಟಾನರ್ಸೆಪ್ಟ್, ಅಡಾಲಿಮ್ಯುಮ್ಯಾಬ್, ಗೊಲಿಮ್ಯುಮ್ಯಾಬ್, ಸರ್ಟೊಲಿಜುಮ್ಯಾಬ್ ಕೂಡ ಇವೆ. ಬೇರೆ ದಾರಿಯಲ್ಲಿ ಕೆಲಸ ಮಾಡುವ ಟೊಸಿಲಿಜುಮ್ಯಾಬ್, ಅಬಾಟಸೆಪ್ಟ್, ರಿಟುಕ್ಸಿಮ್ಯಾಬ್ ಇವೆ. ಕೆಲವನ್ನು ವಾರಕ್ಕೋ ಎರಡು ವಾರಕ್ಕೋ ಮನೆಯಲ್ಲೇ ಹಾಕಿಕೊಳ್ಳಬಹುದು, ಕೆಲವನ್ನು ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೊಡುತ್ತಾರೆ. ಬಯೋಸಿಮಿಲರ್ ಅನ್ನುವ ಕಡಿಮೆ ಬೆಲೆಯ ರೂಪಗಳೂ ಬಂದಿವೆ. ಸರಿಯಾದ ಪರೀಕ್ಷೆಗಳಲ್ಲಿ ಗೆದ್ದು ಒಪ್ಪಿಗೆ ಪಡೆದವಾದರೆ ಅವನ್ನು ಅನುಮಾನಿಸಬೇಕಿಲ್ಲ.

ನೇರವಾಗಿ ಅದನ್ನೇ ಯಾಕೆ ಹಾಕಿಸಿಕೊಳ್ಳಬಾರದು ಅಂದರೆ, ಸಾಕಷ್ಟು ಜನಕ್ಕೆ ಮೆಥೊಟ್ರೆಕ್ಸೇಟ್ ಒಂದರಿಂದಲೇ ಗುರಿ ಸಿಗುತ್ತದೆ. ಅವರಿಗೆ ಬಯಾಲಜಿಕ್‌ನ ಖರ್ಚು, ಸೋಂಕಿನ ಅಪಾಯ ಎರಡೂ ಸುಮ್ನೆ ಹೊರೆ. ಇನ್ನೊಂದು ಕಾರಣವೂ ಇದೆ. ಟಿಎನ್ಎಫ್ ತಡೆಯುವ ಔಷಧ ಮೆಥೊಟ್ರೆಕ್ಸೇಟ್ ಜೊತೆ ಇದ್ದರೇ ಚೆನ್ನಾಗಿ ಕೆಲಸ ಮಾಡುವುದು. ದೇಹ ಆ ಔಷಧದ ವಿರುದ್ಧವೇ ಪ್ರತಿಕಾಯ ತಯಾರಿಸಿ ಅದನ್ನು ನಿಷ್ಫಲ ಮಾಡುವುದನ್ನು ಮೆಥೊಟ್ರೆಕ್ಸೇಟ್ ಕಮ್ಮಿ ಮಾಡುತ್ತದೆ. ಹಾಗಾಗಿ ನೀವು ಬಯಾಲಜಿಕ್‌ಗೆ ಹೋದರೂ ಬಹುಶಃ ಮೆಥೊಟ್ರೆಕ್ಸೇಟ್ ಬಿಡುವಂತಿಲ್ಲ!

ಬಯಾಲಜಿಕ್ ಮುಂಚೆ ಕ್ಷಯದ ಪರೀಕ್ಷೆ ಕಡ್ಡಾಯ. ಎಷ್ಟೋ ಜನರ ಮೈಯಲ್ಲಿ ಟಿಬಿ ರೋಗಾಣು ಸದ್ದಿಲ್ಲದೆ ಅಡಗಿರುತ್ತದೆ. ಅದನ್ನು ಕಟ್ಟಿಹಾಕಿರುವ ಗೋಡೆಗೆ ಟಿಎನ್ಎಫ್ ಬೇಕು. ಟಿಎನ್ಎಫ್ ತಡೆದರೆ ಗೋಡೆ ಸಡಿಲಾಗಿ ಕ್ಷಯ ಎದ್ದೇಳಬಹುದು. ಅಡಗಿದ ಟಿಬಿ ಇದ್ದರೆ ಅದಕ್ಕೆ ಔಷಧ ಶುರು ಮಾಡಿ, ಕನಿಷ್ಠ ಒಂದು ತಿಂಗಳಾದ ಮೇಲೆ ಬಯಾಲಜಿಕ್ ಕೊಡುತ್ತಾರೆ. ಹೆಪಟೈಟಿಸ್ ಬಿ ಪರೀಕ್ಷೆಯೂ ಅಷ್ಟೇ ಮುಖ್ಯ. ಇದ್ಯಾವುದನ್ನೂ ಮಾಡದೆ ಇಂಜೆಕ್ಷನ್ ಹಾಕುತ್ತೇನೆ ಅನ್ನುವವರಿಂದ ದೂರ ಇರಿ.

ಜೀವಕೋಶದೊಳಗೆ ಉರಿಯೂತದ ಸಂದೇಶ ಸಾಗುವುದನ್ನು ತಡೆಯುವ, ಜ್ಯಾಕ್ ಇನ್‌ಹಿಬಿಟರ್ ಅನ್ನುವ ಮಾತ್ರೆಗಳೂ ಬಂದಿವೆ: ಟೊಫಾಸಿಟಿನಿಬ್, ಬ್ಯಾರಿಸಿಟಿನಿಬ್, ಉಪಡಾಸಿಟಿನಿಬ್. ಇಂಜೆಕ್ಷನ್ ಬೇಡ, ಬೇಗ ಕೆಲಸ ಮಾಡುತ್ತವೆ, ಬಲದಲ್ಲೂ ಬಯಾಲಜಿಕ್‌ಗೆ ಕಮ್ಮಿಯಿಲ್ಲ. ಆದರೆ ಎಚ್ಚರಿಕೆ ಬೇಕು. 50 ದಾಟಿದ, ಹೃದಯರೋಗದ ಅಪಾಯ ಇರುವವರಲ್ಲಿ ಟೊಫಾಸಿಟಿನಿಬ್ ಅನ್ನು ಟಿಎನ್ಎಫ್ ತಡೆಯುವ ಔಷಧಗಳ ಜೊತೆ ಹೋಲಿಸಿ ನೋಡಿದಾಗ ಹೃದಯಾಘಾತ, ರಕ್ತ ಹೆಪ್ಪುಗಟ್ಟುವುದು, ಕೆಲವು ಕ್ಯಾನ್ಸರ್‌ಗಳು ಸ್ವಲ್ಪ ಜಾಸ್ತಿ ಕಂಡವು. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಗುಂಪಿನ ಔಷಧಗಳಿಗೆ ಕಟ್ಟೆಚ್ಚರಿಕೆ ಹಾಕಿತು. ಸರ್ಪಸುತ್ತು ಬರುವ ಅಪಾಯವೂ ಹೆಚ್ಚು. ಸಿಗರೇಟು ಸೇದುವವರು, ಹೃದ್ರೋಗ ಇರುವವರು, ವಯಸ್ಸಾದವರು ಇವನ್ನು ತೆಗೆದುಕೊಳ್ಳುವ ಮುಂಚೆ ಬಹಳ ಯೋಚಿಸಬೇಕು.

ಇನ್ನು ಜೀವನಪೂರ್ತಿಯ ಪ್ರಶ್ನೆ. ಈ ಕಾಯಿಲೆಯನ್ನು ಬುಡಸಮೇತ ತೆಗೆದುಹಾಕುವ ಔಷಧ ಇಲ್ಲ. ಆದರೆ ಮಲಗಿಸಬಹುದು, ವರ್ಷಗಟ್ಟಲೆ ಮಲಗಿಸಿಡಬಹುದು. ಕನಿಷ್ಠ ಆರು ತಿಂಗಳು ಸ್ಟೀರಾಯ್ಡ್ ಇಲ್ಲದೆ ಗುರಿಯಲ್ಲಿ ನಿಂತರೆ ಔಷಧ ನಿಧಾನಕ್ಕೆ ಇಳಿಸಿ ನೋಡಬಹುದು: ಪ್ರಮಾಣ ಕಮ್ಮಿ ಮಾಡುವುದು ಅಥವಾ ಇಂಜೆಕ್ಷನ್ನುಗಳ ನಡುವಿನ ಅಂತರ ಹೆಚ್ಚಿಸುವುದು. ಪೂರ್ತಿ ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಮರಳುತ್ತದೆ, ಆಂಟಿ-ಸಿಸಿಪಿ ಪಾಸಿಟಿವ್ ಇರುವವರಿಗೆ ಇನ್ನೂ ಜಾಸ್ತಿ. ಹಾಗಾಗಿ ನಿಮಗೆ 'ಮುಂದೆ ಬಿಡಬಹುದು' ಅಂತ ಮಾತು ಕೊಡಲಾರೆ. ಕಮ್ಮಿ ಮಾಡಲು ಒಳ್ಳೆಯ ಅವಕಾಶ ಇದೆ ಅನ್ನಬಲ್ಲೆ, ಆ ಅವಕಾಶ ಬೇಗ ಶುರು ಮಾಡಿದವರಿಗೇ ಹೆಚ್ಚು.

ಔಷಧದ ಜೊತೆಗೆ ಕೈಗೆ ವ್ಯಾಯಾಮ ಬೇಕು. ನೋವಿದೆ ಅಂತ ಅಲುಗಾಡಿಸದೆ ಇಟ್ಟರೆ ಕೀಲು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ಬ್ರಿಟನ್ನಿನಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಕ್ರಮವಾಗಿ ಹಿಗ್ಗಿಸುವ, ಬಲ ಹೆಚ್ಚಿಸುವ ಕೈ ವ್ಯಾಯಾಮ ಮಾಡಿದವರ ಕೈ ವರ್ಷದ ಕೊನೆಗೆ ಮಾಡದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಫಿಸಿಯೊಥೆರಪಿಸ್ಟ್ ಹತ್ತಿರ ಒಮ್ಮೆ ಸರಿಯಾಗಿ ಕಲಿತುಕೊಳ್ಳಿ. ಕೀಲು ಕೆಂಪಾಗಿ ಕೆರಳಿರುವ ದಿನ ಮೆಲ್ಲಗೆ, ಉಳಿದ ದಿನ ಸ್ವಲ್ಪ ಬಲ ಹಾಕಿ. ಸಿಗರೇಟು, ತಂಬಾಕು ಇದ್ದರೆ ಬಿಡಿ. ಸಿಗರೇಟು ಕಾಯಿಲೆ ಬರಿಸುವುದಲ್ಲದೆ ಔಷಧದ ಬಲವನ್ನೂ ತಗ್ಗಿಸುತ್ತದೆ. ಈ ಕಾಯಿಲೆ ಇರುವವರಿಗೆ ಹೃದಯಾಘಾತದ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು, ಹಾಗಾಗಿ ರಕ್ತದೊತ್ತಡ, ಕೊಲೆಸ್ಟ್ರಾಲ್ ಕೂಡ ನೋಡಿಸಿಕೊಳ್ಳಿ. ಫ್ಲೂ, ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಬಹುದು, ಹಾಕಿಸಿಕೊಳ್ಳಬೇಕು. ಜೀವಂತ ರೋಗಾಣು ಇರುವ ಲಸಿಕೆ ಮಾತ್ರ ಕೇಳದೆ ಬೇಡ.

ಆಹಾರದ ಬಗ್ಗೆ ಬಹಳ ಕೇಳುತ್ತಾರೆ. ಇದನ್ನು ತಿಂದರೆ ಕಾಯಿಲೆ ಹೋಗುತ್ತದೆ, ಅದನ್ನು ಬಿಟ್ಟರೆ ಹೋಗುತ್ತದೆ ಅನ್ನುವಂಥದ್ದು ಯಾವುದೂ ಇಲ್ಲ. ಮೀನೆಣ್ಣೆಯಲ್ಲಿರುವ ಒಮೆಗಾ-3 ಇಂದ ನೋವು ಸ್ವಲ್ಪ ಕಮ್ಮಿಯಾಗಬಹುದು, ಅಷ್ಟೇ. ತೂಕ ಹತೋಟಿಯಲ್ಲಿಟ್ಟರೆ ಮಂಡಿ, ಪಾದಗಳಿಗೆ ಒಳ್ಳೆಯದು. ಆದರೆ ಹೆಸರಿಲ್ಲದ ಪುಡಿ, ಗುಳಿಗೆಗಳ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಒಳಗೇನಿದೆ ಅಂತ ಬರೆಯದೆ ಮಾರುವ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್, ಸೀಸ, ಪಾದರಸ ಸಿಕ್ಕ ಉದಾಹರಣೆಗಳು ಎಷ್ಟೋ ಇವೆ. 'ಎರಡೇ ದಿನಕ್ಕೆ ನೋವು ಮಾಯ' ಅಂದರೆ ಒಳಗೆ ಸ್ಟೀರಾಯ್ಡ್ ಇರಬಹುದು ಅಂತ ಮೊದಲು ಅನುಮಾನಿಸಿ. ನಿಮಗೂ ಕೆಲವೇ ದಿನಕ್ಕೆ ಹಾಗೇ ಆರಾಮ ಆಗಿತ್ತಲ್ವಾ?

ಶಸ್ತ್ರಚಿಕಿತ್ಸೆಯ ಮಾತು ಈಗ ನಿಮಗೆ ಬೇಕಿಲ್ಲ. ಕೀಲು ಪೂರ್ತಿ ಹಾಳಾದಾಗ ಮಂಡಿ, ಸೊಂಟದ ಕೀಲು ಬದಲಿಸುವುದು, ಬೆರಳಿನ ಸ್ನಾಯುರಜ್ಜು ಹರಿದರೆ ಜೋಡಿಸುವುದು ಇವೆಲ್ಲ ಇವೆ. ಔಷಧ ಬೇಗ ಶುರುವಾಗುತ್ತಿರುವುದರಿಂದ ಅವುಗಳ ಅಗತ್ಯ ಮೊದಲಿಗಿಂತ ಕಮ್ಮಿಯಾಗಿದೆ. ಕಾಯಿಲೆ ಹಳೆಯದಾದವರು ಬೇರೆ ಯಾವ ಆಪರೇಷನ್‌ಗೆ ಹೋದರೂ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಬೇಕು. ಕುತ್ತಿಗೆಯ ಮೇಲಿನ ಕೀಲು ಸಡಿಲವಾಗಿದ್ದರೆ ಅವರು ತಲೆ ಹಿಂದಕ್ಕೆ ಬಾಗಿಸುವ ಮುಂಚೆ ಎಕ್ಸ್-ರೇ ನೋಡಬೇಕಾಗುತ್ತದೆ.

ಮೆಥೊಟ್ರೆಕ್ಸೇಟ್ ಶುರು ಮಾಡಿದ ಮೇಲೆ ಕೆಲವು ವಿಷಯಕ್ಕೆ ಮುಂದಿನ ತಪಾಸಣೆಯ ದಿನದವರೆಗೆ ಕಾಯಬೇಡಿ. ಹೊಸದಾಗಿ ಒಣಕೆಮ್ಮು, ನಡೆದಾಡುವಾಗ ಉಸಿರು ಕಟ್ಟುವುದು. ಬಾಯಿ ತುಂಬ ಹುಣ್ಣು. ಕಾರಣವಿಲ್ಲದೆ ಮೈಮೇಲೆ ಕಪ್ಪು, ನೀಲಿ ಕಲೆ. ಕಣ್ಣು, ಮೂತ್ರ ಹಳದಿಯಾಗುವುದು. ಚಳಿಜ್ವರ. ಜ್ವರ ಬಂದ ವಾರ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ಮುಂಚೆ ಫೋನ್ ಮಾಡಿ ಕೇಳಿ, ಸೋಂಕು ಇಳಿಯುವ ತನಕ ಬಿಡಿ ಅನ್ನಬಹುದು. ಎಲ್ಲ ಕೀಲು ಸುಮ್ಮನಿರುವಾಗ ಒಂದೇ ಒಂದು ಕೀಲು ಬಿಸಿಯಾಗಿ ಕೆಂಪಾಗಿ ಊದಿ, ಮುಟ್ಟಲೂ ಆಗದಂತಾದರೆ ಅದನ್ನು ಹಳೇ ಕಾಯಿಲೆಯೇ ಕೆರಳಿದೆ ಅಂತ ತಿಳಿಯಬೇಡಿ. ಕೀಲಿನೊಳಗೆ ಕೀವು ತುಂಬಿರಬಹುದು. ಅದಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಸೂಜಿಯಿಂದ ದ್ರವ ತೆಗೆದು ಪರೀಕ್ಷಿಸಬೇಕು. ಕಣ್ಣು ಕೆಂಪಾಗಿ ಆಳದಲ್ಲಿ ನೋವಿದ್ದರೂ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ.

ಈ ವಾರ ಹೋಗುವಾಗ ಮೂರು ವಸ್ತು ಜೊತೆಗಿರಲಿ: ರಕ್ತ ಪರೀಕ್ಷೆಯ ವರದಿ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಸ್ಟೀರಾಯ್ಡ್ ಶುರು ಮಾಡಿದ ತಾರೀಕು. ಎರಡೂ ಕೈ, ಎರಡೂ ಪಾದಗಳ ಎಕ್ಸ್-ರೇ ಆಗಿಲ್ಲದಿದ್ದರೆ ಈಗಲೇ ಮಾಡಿಸಿ. ವರ್ಷದ ಮೇಲೆ ಹೋಲಿಸಿ ನೋಡಲು ಅದೇ ಬೇಕಾಗುತ್ತದೆ.